ಟವೆಲ್ಲಿನಡಿಯ ಹರಾಜು

ಆಂಧ್ರದ ಕರಾವಳಿಯಲ್ಲಿ ಚಂಡಮಾರುತ ಊರೂರನ್ನೇ ಕೊಚ್ಚಿಕೊಂಡು ಹೋದ ವರ್ಷ, ಹಿರಿಯೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಸಂತ್ರಸ್ತರಿಗಾಗಿ ಶಾಲೆಯ ಮಕ್ಕಳು ಬರೆದ ಚಿತ್ರಗಳ ಜೊತೆ ನನ್ನದೊಂದನ್ನೂ ಸೇರಿಸಿ ಹರಾಜು ಇಟ್ಟೆ. ಹರಾಜು ನಡೆಸಿ ಅಭ್ಯಾಸವಿದ್ದವರು ಯಾರೂ ಸಿಗದೆ, ಕುರಿ ಸಂತೆಯ ದಲ್ಲಾಳಿ ಬಾಷಾ ಸಾಹೇಬರನ್ನು ಕರೆದೆ.

ಅವರು ಕೂಗಲೇ ಇಲ್ಲ. ಸಂತೆಯಲ್ಲಿ ಮಾಡುವಂತೆ ಹೆಗಲ ಟವೆಲನ್ನು ಕೈಮೇಲೆ ಹೊದಿಸಿಕೊಂಡು, ಒಬ್ಬೊಬ್ಬರ ಕೈಗೂ ತಮ್ಮ ಬೆರಳು ಕೊಟ್ಟು ಗುಟ್ಟಾಗಿ ರೇಟು ಕೇಳುತ್ತ ಹೋದರು; ಎಷ್ಟು ಬೆರಳು ಹಿಡಿದರೋ ಅದರ ಲೆಕ್ಕದಲ್ಲಿ ರೇಟು.

"ಸಾಹೇಬ್ರೆ, ಎಲ್ಲರಿಗೂ ಕೇಳೋ ಹಂಗೆ ಕೂಗ್ರಿ," ಅಂದೆ.

"ಕೂಗಿದ್ರೆ ಪಕ್ಕದೋನ ಮೇಲೆ ಒಂದ್ರೂಪಾಯಿ ಏರಿಸಿ ಸುಮ್ನಾಗ್ತಾರೆ ಮೇಷ್ಟ್ರೆ. ಹಿಂಗಾದ್ರೆ ಅವನೆಷ್ಟು ಹೇಳಿದ್ನೋ ಅಂತ ಹೆದರಿ ಜಾಸ್ತಿನೇ ಹಿಡೀತಾರೆ. ನೀವು ಕುಂತ್ಕಳ್ರಿ."

ಅವರ ಮಾತೇ ನಿಜವಾಯಿತು. ಮಕ್ಕಳ ಚಿತ್ರಗಳೆಲ್ಲ ನಾನೆಣಿಸಿದ್ದಕ್ಕಿಂತ ಹೆಚ್ಚಿಗೆ ಹೋದವು. ಉಳಿದದ್ದು ನಾನೇ ಬರೆದ ಕೋಟೆಯ ಚಿತ್ರ ಒಂದೇ. ಸಾಹೇಬರು ಅದನ್ನು ಹಿಡಿದು ನನ್ನ ಹತ್ತಿರ ಬಂದು, ಟವೆಲ್ಲಿನಡಿ ಕೈ ಚಾಚಿದರು. ಸಮಾಧಾನ ಮಾಡುತ್ತಿದ್ದಾರೆಂದು ತಿಳಿದು ನಾನೂ ಅವರ ನಾಲ್ಕು ಬೆರಳನ್ನು ಗಟ್ಟಿಯಾಗಿ ಒತ್ತಿದೆ.

"ನಾಕು ಬೆರಳು, ನಲವತ್ತು ರೂಪಾಯಿ. ಯಾಪಾರ ಮುಗೀತು," ಅಂದರು.

ಕೋಟೆ ಈಗಲೂ ನಮ್ಮ ನಡುಮನೆಯಲ್ಲಿದೆ. ನಾನು ಬರೆದದ್ದರಲ್ಲಿ ಮಾರಾಟವಾದ ಚಿತ್ರ ಅದೊಂದೇ.