ಐಸ್ ಮೇಲೆ ಬಿದ್ದ ಮೊಲದ ಗೊಂಬೆ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಇಲ್ಲಿ ನಮ್ಮ ಪಕ್ಕದೂರು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ನಡೆದ ಐಸ್ ಸ್ಕೇಟಿಂಗ್ ಶೋದಲ್ಲಿ ನನ್ನ ಹೆಂಡತಿ ಸುಧಾ ಒಂದು ಮೊಲದ ಗೊಂಬೆ ಎಸೆದಳು.

ಐಸ್ ಮೇಲಿದ್ದವರು ಜಪಾನಿನ ಹೆಸರಾಂತ ಮಹಿಳಾ ಸ್ಕೇಟರ್. ಸ್ಪರ್ಧೆಗಳಿಂದ ನಿವೃತ್ತರಾಗಿ ವರ್ಷಗಳಾದರೂ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ನಮ್ಮ ಪಕ್ಕದ ಹೆಂಗಸರಂತೂ ಟೋಕಿಯೋದಿಂದಲೇ ಬಂದಿದ್ದರು. ಸುಧಾ ಹುಬ್ಬಳ್ಳಿಯ ಹಾಸ್ಟೆಲ್ ಟಿವಿಯಲ್ಲಿ ಆಕೆ ಪದಕ ಗೆದ್ದಿದ್ದನ್ನು ನೋಡಿದವಳು. ಅಭಿಮಾನಿಗಳು ಐಸ್ ಮೇಲೆ ಗೊಂಬೆ ಎಸೆಯುವುದನ್ನೂ ಅಲ್ಲೇ ಕಂಡಿದ್ದಳು. ಹಾಡು ಮುಗಿಯಿತೆಂದುಕೊಂಡು ಎಸೆದಳು. ಮುಗಿದಿರಲಿಲ್ಲ. ಜಿಗಿದು ಇಳಿಯುತ್ತಿದ್ದ ಆಕೆಯ ಕಾಲಿನ ಪಕ್ಕದಲ್ಲೇ ಗೊಂಬೆ ಬಿತ್ತು. ಆಕೆ ಮುಗ್ಗರಿಸಿ, ಐಸಿಗೆ ಕೈ ಊರಿ, ಹೇಗೋ ಸಾವರಿಸಿಕೊಂಡರು.

"ಆಕಿ ಕಾಂಪಿಟಿಶನ್‌ನಾಗ ಇದ್ದಾಗ ಎಲ್ಲಾರೂ ಒಗೀತಿದ್ರು ರೀ," ಎಂದಳು ಸುಧಾ. ಮುಖ ಬಿಳಿಚಿಕೊಂಡಿತ್ತು.

ಸೆಕ್ಯುರಿಟಿಯವನು ಬಂದು ನಮ್ಮಿಬ್ಬರನ್ನೂ ಹೊರಗೆ ಕರೆದೊಯ್ದ. ಸೋಮವಾರ ನಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇದೆ. ಆಕೆಯ ಕಾಲು ಉಳುಕಿದ್ದರೆ? ಪೊಲೀಸರನ್ನು ಕರೆಸಿದರೆ? ಕಾರಿಡಾರಿನ ಗೋಡೆಗೆ ಒರಗಿ ನಿಂತ ನಾನು ಮನಸ್ಸಿನಲ್ಲೇ ಮನೆ ಸಾಮಾನು ಕಟ್ಟತೊಡಗಿದೆ. ಸುಧಾ ನನ್ನ ತೋಳು ಬಿಡಲಿಲ್ಲ.

ಶೋ ಮುಗಿದ ಮೇಲೆ ಆ ಸ್ಕೇಟರೇ ಬಂದರು. ಗೊಂಬೆ ಕೈಯಲ್ಲಿತ್ತು. ತಲೆ ಬಾಗಿಸಿ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: "ನನಗೇನೂ ಆಗಿಲ್ಲ. ಸ್ಪರ್ಧೆಗಳಲ್ಲೂ ಗೊಂಬೆಗಳು ಬೀಳುತ್ತಿದ್ದವು, ಆದರೆ ನಾನು ಸ್ಕೇಟಿಂಗ್ ಮುಗಿಸಿ ನಿಂತ ಮೇಲೆ."

ಸುಧಾ ಅತ್ತುಬಿಟ್ಟಳು. ಸೆಕ್ಯುರಿಟಿಯವನು ನಮ್ಮನ್ನು ಬಿಟ್ಟ.

ಕಾರಿನಲ್ಲಿ ಕಣ್ಣೊರೆಸಿಕೊಂಡು ಅಂದಳು, "ಮುಂದಿನ ಸಲ ಹೂವು ಒಗೀತೀನ್ರಿ. ಹಗುರ ಇರ್ತಾವ."

ಮುಂದಿನ ಸಲ ನಾನು ಪಾರ್ಕಿಂಗ್ ಲಾಟ್‌ನಲ್ಲೇ ಕೂತಿರುತ್ತೇನೆ.