ಲೋರ್ನಾ ಪೆಥರಿಕ್ ಮತ್ತು ಇಪ್ಪತ್ತು ಗುಂಡಿಗಳು

ವಾರಲೂಕ್ ಊರಿನ ಚರ್ಚಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಆರ್ಗನ್ ನುಡಿಸುತ್ತ ಬಂದಿರುವ ಲೋರ್ನಾ ಪೆಥರಿಕ್ ಅವರ ಕಿವಿಗಳನ್ನು ಸೃಷ್ಟಿಕರ್ತನು ವಿಶೇಷ ಮುತುವರ್ಜಿಯಿಂದ ರೂಪಿಸಿದನೆಂಬ ವಿಷಯದಲ್ಲಿ ನಮ್ಮವರಾರಿಗೂ ಸಂಶಯವಿಲ್ಲ. ಉಳಿದ ಅವಯವಗಳನ್ನು ಆತನು ಶನಿವಾರದ ಸಂಜೆ ಅವಸರದಲ್ಲಿ ಮುಗಿಸಿರಬೇಕು. ಎತ್ತರ ಐದಡಿಗೆ ಒಂದಂಗುಲ ಕಡಿಮೆ, ಕಾಲುಗಳು ಆರ್ಗನ್ನಿನ ತುಳಿಮಣೆಯನ್ನು ಮುಟ್ಟಲು ಎಷ್ಟು ಬೇಕೋ ಅಷ್ಟೇ ಉದ್ದ. ಆದರೆ ಕಿವಿಯ ಮಾತೇ ಬೇರೆ. ಪಾದ್ರಿಗಳ ಉಪದೇಶದ ನಡುವೆ ಅವರ ಕೈಗಡಿಯಾರವು ಕುಂಟುತ್ತಿದೆಯೆಂದು ಆಕೆ ತಮ್ಮ ಪೀಠದಿಂದಲೇ ತಿಳಿಸಿದ್ದುಂಟು; ಗಡಿಯಾರವನ್ನು ಬಿಚ್ಚಿಸಿ ನೋಡಿದಾಗ ಅದು ನಿಜವಾಗಿ ಕುಂಟುತ್ತಲೂ ಇತ್ತು. ವಾರದ ಐದು ದಿನ ಗುಡ್ಡದ ಶಾಲೆಗಳಿಗೂ ಹೈನುಗಾರರ ಮನೆಗಳಿಗೂ ಹೋಗಿ ಪಿಯಾನೋಗಳ ಶ್ರುತಿಯನ್ನು ಸರಿಪಡಿಸುವುದು ಆಕೆಯ ಕಸುಬು.

ಇಂಥ ಲೋರ್ನಾ ತಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ, ಅಜ್ಜಿಯ ಕಾಲದ ಭಾರೀ ಪಿಯಾನೋ ಒಂದನ್ನು ನೆರೆಯೂರಿನ ಕೃಷಿಕನಿಗೆ ಕೊಟ್ಟು, ಅದಕ್ಕೆ ಬದಲಾಗಿ ಅವನ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿದ್ದ ಏಳುನೂರೈವತ್ತು ಸಿಸಿಯ ರೇಸ್ ಬೈಕನ್ನು ತಂದರು. ಅಂದಿನಿಂದ ನಮ್ಮ ಭಾನುವಾರಗಳ ಲಯವೇ ಬದಲಾಯಿತು. ನಾಲ್ಕು ಚರಣಗಳ ಸ್ತುತಿಗೀತೆಯಲ್ಲಿ ಹಿರಿಯರು ಎರಡನೆಯ ಚರಣದ ಪುಟವನ್ನು ಹುಡುಕುವಷ್ಟರಲ್ಲಿ ಆರ್ಗನ್ ಆಮೆನ್ ಹೇಳಿ ಮುಗಿಸುತ್ತಿತ್ತು. ವಸಂತ ಬಂದು ಮ್ಯಾಗ್‌ಪೈ ಹಕ್ಕಿಗಳು ದಾರಿಹೋಕರ ತಲೆಗೆ ಎರಗತೊಡಗಿದಾಗ ಲೋರ್ನಾ ಅವನ್ನು ಬೆದರಿಸಲು ತಮ್ಮ ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿಗಳನ್ನು ನೆಟ್ಟುಕೊಂಡು, ಓಡುವ ಮುಳ್ಳುಹಂದಿಯೊಂದರಂತೆ ಗುಡ್ಡದ ತಿರುವುಗಳಲ್ಲಿ ಕಾಣಿಸಿ ಮರೆಯಾಗುತ್ತಿದ್ದರು. ಬೈಕಿನ ದುರಸ್ತಿಯೂ ಸ್ವಹಸ್ತದಿಂದಲೇ. ಇನ್ನೂರ ಮೂವತ್ತು ತಂತಿ ಬಿಗಿಯಬಲ್ಲವಳಿಗೆ ಎರಡು ಚಕ್ರ ಯಾವ ಲೆಕ್ಕ ಎಂಬುದು ಆಕೆಯ ವಾದ.

ಆಕೆಗೆ ಇದ್ದುದು ಒಂದೇ ಆಸೆ. ಫಿಲಿಪ್ ದ್ವೀಪದ ಓಟದ ಪಥದಲ್ಲಿ, ಕಡಲಿಗೆ ಎದುರಾಗಿ ಇಳಿಯುವ ಆ ನೀಳವಾದ ನೇರ ದಾರಿಯಲ್ಲಿ, ಒಮ್ಮೆಯಾದರೂ ಬೈಕನ್ನು ಪೂರ್ತಿ ಬಿಟ್ಟು ಓಡಿಸಬೇಕು. ಆಕೆ ಸೇರಿದ್ದ ಸವಾರರ ಸಂಘವು ವರ್ಷಕ್ಕೊಂದು ದಿನ ಪಥವನ್ನು ಬಾಡಿಗೆಗೆ ಹಿಡಿಯುತ್ತಿತ್ತು. ಮೂರು ವರ್ಷ ಕಾದ ಮೇಲೆ ಹೊಸಬರ ಗುಂಪಿನಲ್ಲಿ ಆಕೆಗೊಂದು ಸ್ಥಾನ ದೊರೆಯಿತು. ಆದರೆ ಸಂಘದ ನಿಯಮದ ಪ್ರಕಾರ ಅರವತ್ತೈದು ತುಂಬಿದವರನ್ನು ಹೊಸಬರಾಗಿ ಸೇರಿಸಿಕೊಳ್ಳುವಂತಿಲ್ಲ. ಆಕೆಗೆ ಅರವತ್ತೈದು ತುಂಬಲು, ಓಟದ ದಿನದಿಂದ ಎಣಿಸಿದರೆ, ಹದಿಮೂರು ದಿನ ಉಳಿದಿತ್ತು. ಅಂದು ಪಥಕ್ಕಿಳಿಯುವ ಮುಂಚಿನ ತಪಾಸಣೆಯಲ್ಲಿ ಬೈಕು ಗೆದ್ದರೆ ಸರಿ, ಸೋತರೆ ಆ ದಾರಿ ಎಂದೆಂದಿಗೂ ಇಲ್ಲ.

ಓಟಕ್ಕೆ ಒಂದು ವಾರವಿದ್ದಾಗ ಆಕೆ ಮುಂದಿನ ಗಾಲಿಯ ಹಳೆಯ ಬ್ರೇಕ್ ಡಿಸ್ಕುಗಳನ್ನು ತೆಗೆದು, ಸಂಘದವರೊಬ್ಬರು ಕೊಟ್ಟ ರೇಸಿನ ಡಿಸ್ಕುಗಳನ್ನು ಎಡಕ್ಕೊಂದು ಬಲಕ್ಕೊಂದರಂತೆ ಕೂಡಿಸಿದರು. ಇವು ಒಂದೇ ಲೋಹದ ತಟ್ಟೆಗಳಲ್ಲ. ನಡುವಿನ ಚಕ್ರವೇ ಬೇರೆ, ಬ್ರೇಕು ಕಚ್ಚುವ ಹೊರಗಿನ ಉಂಗುರವೇ ಬೇರೆ. ಒಂದೊಂದು ಡಿಸ್ಕಿಗೆ ಹತ್ತರಂತೆ ಬೆರಳುಗುರಿನ ಗಾತ್ರದ ಗುಂಡಿಗಳು ಅವೆರಡನ್ನು ಜೋಡಿಸುತ್ತವೆ. ಕೆಲಸ ಮುಗಿಸಿ ಬೈಕನ್ನು ಕೊಟ್ಟಿಗೆಯಿಂದ ಹೊರಕ್ಕೆ ತಳ್ಳಿದ ಕ್ಷಣವೇ ಲೋರ್ನಾ ಕಲ್ಲಿನಂತೆ ನಿಂತರು. ಗಾಲಿ ಉರುಳಿದಂತೆಲ್ಲ ಕಿಣಿ ಕಿಣಿ ಎಂಬ ಸದ್ದು. ಅದೂ ಶ್ರುತಿಗೂಡದ ಸದ್ದು. ಇಪ್ಪತ್ತು ಚಮಚಗಳನ್ನು ತಗಡಿನ ಡಬ್ಬಿಯಲ್ಲಿಟ್ಟು ಅಲುಗಿಸಿದಂತೆ.

ಆಕೆ ಕೂಡಲೆ ಬೇಲಿಯಾಚೆಯ ಆಲ್ಡೋ ಬ್ರೆಸಾನ್ ಅವರನ್ನು ಕರೆದರು. ಆಲ್ಡೋ ಬೆಣ್ಣೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಚರ್ಚಿನ ಗಾಯಕವೃಂದದಲ್ಲಿ ಎಡಗಡೆಯಿಂದ ನಾಲ್ಕನೆಯವರಾಗಿ ನಿಲ್ಲುವವರು. ಗುಂಡಿಯೊಂದನ್ನು ಬೆರಳಿನಿಂದ ಅಲುಗಿಸಿ ನೋಡಿ ಅವರು ತೀರ್ಪು ಕೊಟ್ಟರು.

"ಎಲ್ಲಾ ಸಡಿಲ ಆಗೋಗಿದೆ. ವೆಲ್ಡ್ ಮಾಡಿ ಬಿಡೋಣ ಲೋರ್ನಾ, ಗುಂಡಿಗೊಂದೊಂದು ಚುಕ್ಕೆ. ಆಮೇಲೆ ಭೂಮಿ ನಡುಗಿದ್ರೂ ಅಲ್ಲಾಡಲ್ಲ."

"ನಿನ್ನ ಗೇಟಿಗೂ ಹಿಂಗೇ ಚುಕ್ಕೆ ಇಟ್ಟು, ಮೂರು ವಾರ ಬೇಲಿ ಹಾರ್ಕೊಂಡು ಓಡಾಡಿದ್ಯಲ್ಲ ಆಲ್ಡೋ, ಮರ್ತೋಯ್ತಾ?"

ಹೀಗೆ ವೆಲ್ಡಿಂಗ್ ತಪ್ಪಿತು. ಅದಕ್ಕಾಗಿ ನಾವು ದೇವರಿಗೆ ಕೃತಜ್ಞರಾಗಿರಬೇಕು. ಆದರೆ ಲೋರ್ನಾ ಬೇರೊಂದು ದಾರಿಯನ್ನು ಹಿಡಿದರು. ಪಿಯಾನೋದಲ್ಲಿ ಬೆರಳಿಟ್ಟು ಒತ್ತುವ ಮನೆಯೊಂದು ಕಟಕಟ ಎಂದರೆ, ಅದರ ಕೀಲಿನ ತೂತಿಗೆ ಕೆಂಪು ಉಣ್ಣೆಯ ಫೆಲ್ಟಿನ ತುಣುಕನ್ನು ಅಂಟಿಸಿ ಸದ್ದಡಗಿಸುವುದು ಆಕೆ ನಲವತ್ತು ವರ್ಷ ಮಾಡಿದ ಕೆಲಸ. ಅದನ್ನೇ ಇಲ್ಲಿಯೂ ಮಾಡಿದರು. ಇಪ್ಪತ್ತು ಗುಂಡಿಗಳ ಕ್ಲಿಪ್ಪುಗಳನ್ನು ಚಿಮಟದಿಂದ ಎಳೆದು, ಇಪ್ಪತ್ತು ಫೆಲ್ಟಿನ ಉಂಗುರಗಳನ್ನು ಕತ್ತರಿಸಿ, ಪಿಯಾನೋಗೆ ಬಳಸುವ ಮರವಜ್ರದ ಅಂಟನ್ನು ಬಿಸಿಮಾಡಿ ಸವರಿ, ಒಂದೊಂದನ್ನೂ ಕೂರಿಸಿ, ಕ್ಲಿಪ್ಪುಗಳನ್ನು ಮತ್ತೆ ಹಾಕಿದರು. ಎರಡು ಮಧ್ಯಾಹ್ನ ಹಿಡಿಯಿತು. ನಡುವೆ ಒಮ್ಮೆ ಫೋನು ಬಂದು, ತಿರುಗಿ ಬಂದವರು ಅದೇ ಗುಂಡಿಗೆ ಎರಡನೆಯ ಸಲವೂ ಅಂಟು ಸುರಿದರು. ಅದನ್ನು ಅವರು ಆಗ ಗಮನಿಸಲಿಲ್ಲ. ಕೊನೆಗೆ ಬೈಕನ್ನು ತಳ್ಳಿದಾಗ ಗಾಲಿ ಪ್ರಾರ್ಥನೆಗೆ ಹೊರಟ ಸನ್ಯಾಸಿನಿಯಂತೆ ನಿಶ್ಶಬ್ದವಾಗಿ ನಡೆಯಿತು. ಲೋರ್ನಾ ಅದರ ಸುತ್ತ ಒಂದು ಸುತ್ತು ಕುಣಿದರೆಂದು, ಬೇಲಿಯ ಸಂದಿನಿಂದ ನೋಡಿದ ಆಲ್ಡೋ ಊರಿಗೆಲ್ಲ ಹೇಳಿದರು.

ಶನಿವಾರ ಬೆಳಗ್ಗೆ ಲೋರ್ನಾ ಬೈಕಿನಲ್ಲಿಯೂ, ಕಾಫಿಯ ಫ್ಲಾಸ್ಕನ್ನು ಹಿಡಿದ ಆಲ್ಡೋ ತಮ್ಮ ಹಳೆಯ ವಾಹನದಲ್ಲಿಯೂ ದ್ವೀಪಕ್ಕೆ ಹೊರಟರು. ಗುಡ್ಡವಿಳಿಯುವಾಗ ಹಾಲಿನ ಟ್ಯಾಂಕರೊಂದರ ಬೆನ್ನಿಗೆ ಸಿಕ್ಕಿ, ಲೋರ್ನಾ ತಿರುವು ತಿರುವಿಗೂ ಬ್ರೇಕು ಹಿಡಿಯಬೇಕಾಯಿತು. ಎಲ್ಲಿಯೋ ಉಣ್ಣೆ ಸುಟ್ಟ ವಾಸನೆ ಬಂತು. ಯಾವುದೋ ಕುರಿಗೆ ಕೇಡುಗಾಲ ಬಂತೆಂದು ಆಕೆ ಮರುಗಿದರು. ಮುಂದಿನ ತಿರುವಿನಲ್ಲಿ ಬ್ರೇಕಿನ ಹಿಡಿಯು ಬೆರಳುಗಳ ಕೆಳಗೆ ನಾಡಿಯಂತೆ ಮಿಡಿಯತೊಡಗಿತು. ತಮ್ಮ ಎದೆಯ ಸಂಭ್ರಮವೇ ಕೈಗೆ ಇಳಿದಿರಬೇಕೆಂದು ಆಕೆ ಬಗೆದರು.

ತಪಾಸಣೆಯ ಸಾಲಿನಲ್ಲಿ ಆಗಲೇ ನಲವತ್ತು ಬೈಕುಗಳಿದ್ದವು. ಪರೀಕ್ಷಕ ಹೆಡ್ಲಿ ಟ್ರೆಂಬಾತ್ ವಾರದ ದಿನಗಳಲ್ಲಿ ದಂತವೈದ್ಯರು. ಬೈಕನ್ನೂ ಬಾಯಿಯಂತೆಯೇ ಬಗ್ಗಿ, ಇಣುಕಿ, ಕೊಕ್ಕೆಯಿಂದ ಕೆದಕಿ ನೋಡುವವರು. ಅವರ ಮಾತಿನಂತೆ ಸಾಲು ನಾಲ್ಕು ಹೆಜ್ಜೆ ಮುಂದೆ ಸರಿಯಿತು. ಎಲ್ಲರೂ ಇಂಜಿನ್ ಆರಿಸಿ ಬೈಕುಗಳನ್ನು ಒಟ್ಟಿಗೆ ತಳ್ಳಿದರು.

ಆಗ ಲೋರ್ನಾ ಕೇಳಿದರು. ಮುಂದಿನಿಂದ, ಹಿಂದಿನಿಂದ, ಎಡಬಲಗಳಿಂದ, ಒಂದೊಂದು ಗಾಲಿಯೂ ಕಿಣಿ ಕಿಣಿ ಎನ್ನುತ್ತಿತ್ತು. ನೂರು ನರ್ತಕಿಯರು ಗೆಜ್ಜೆ ಕಟ್ಟಿಕೊಂಡು ತುದಿಗಾಲಿನಲ್ಲಿ ನಡೆದಂತಿತ್ತು. ಆ ಇಡೀ ಮೆರವಣಿಗೆಯಲ್ಲಿ ಮೌನವಾಗಿ ಬಂದುದು ಆಕೆಯ ಬೈಕೊಂದೇ.

ಆಕೆಯ ಸರದಿ ಬಂದಾಗ ಹೆಡ್ಲಿ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿ ಕಿವಿಗೊಟ್ಟರು.

"ಯಾಕಮ್ಮಾ, ಇದೊಂದು ಮಾತೇ ಆಡ್ತಿಲ್ಲ?"

"ಸದ್ದು ಮಾಡ್ತಿತ್ತು. ಸರಿ ಮಾಡ್ದೆ," ಎಂದರು ಲೋರ್ನಾ, ಧ್ವನಿ ಈಗಾಗಲೇ ಅರ್ಧ ಸ್ವರ ಇಳಿದಿತ್ತು.

ಹೆಡ್ಲಿ ಕೊಕ್ಕೆಯನ್ನು ಗುಂಡಿಯ ಸಂದಿಗೆ ಹಾಕಿ ಎಳೆದರು. ಕರಿದ ಈರುಳ್ಳಿಯ ಚೂರಿನಂತಹ, ಅಂಚಿನಲ್ಲಿ ಮಾತ್ರ ಕೆಂಪು ಉಳಿದ ಉಣ್ಣೆಯ ತುಣುಕೊಂದು ಹೊರಗೆ ಬಂತು. ಅವರು ಅದನ್ನು ಮೂಸಿದರು, ಬೆಳಕಿಗೆ ಹಿಡಿದರು, ಮತ್ತೊಮ್ಮೆ ಮೂಸಿದರು. ಮೂವತ್ತು ವರ್ಷಗಳಲ್ಲಿ ಗಾಲಿಗೆ ಸ್ವೆಟರ್ ಹಾಕಿದವರನ್ನು ತಾವು ಇದೇ ಮೊದಲು ಕಂಡುದೆಂದು ಅವರು ಹೇಳಿದೊಡನೆ ಸಾಲಿನ ಕೊನೆಯವರೆಗೂ ನಗೆ ಹರಿಯಿತು. ಆಲ್ಡೋ ತಮ್ಮ ವೆಲ್ಡಿಂಗಿನ ಸಲಹೆಯ ವಿಚಾರವನ್ನು ಎತ್ತದೆ ಎಲ್ಲರಿಗಿಂತ ಜೋರಾಗಿ ನಕ್ಕರು.

ನಗು ನಿಂತ ಮೇಲೆ ಹೆಡ್ಲಿ ಮೆಲ್ಲಗೆ ತಿಳಿಸಿ ಹೇಳಿದರು. "ಬ್ರೇಕ್ ಹಿಡಿದ್ರೆ ಹೊರಗಿನ ಉಂಗುರ ಬಿಸಿಯಾಗಿ ಕಾಯುತ್ತೆ, ಕಾದ್ರೆ ಹಿಗ್ಗುತ್ತೆ. ಹಿಗ್ಗೋಕೆ ಜಾಗ ಬೇಕಲ್ವಾ? ಅದಕ್ಕೇ ಗುಂಡಿ ಸಡಿಲ ಬಿಟ್ಟಿರೋದು. ಆ ಸದ್ದು ಕಾಯಿಲೆ ಅಲ್ಲಮ್ಮಾ, ಆರೋಗ್ಯ."

ಲೋರ್ನಾ ಹಣೆ ಚಚ್ಚಿಕೊಂಡರು. ಮಳೆಗಾಲದ ಪಿಯಾನೋದಲ್ಲಿ ಫೆಲ್ಟು ಉಬ್ಬಿ, ಒತ್ತಿದ ಮನೆ ಮೇಲೇಳದೆ ಉಳಿಯುವುದನ್ನು ಆಕೆ ಸಾವಿರ ಸಲ ಬಿಡಿಸಿದ್ದರು. ಬಿಗಿಯೂ ಒಂದು ರೋಗವೆಂದು ತಾವೇ ಶಾಲೆ ಶಾಲೆಗಳಲ್ಲಿ ಸಾರಿ, ತಮ್ಮ ಗಾಲಿಗೇ ಅದನ್ನು ಹತ್ತಿಸಿದ್ದರು.

ಹೆಡ್ಲಿ ಅಳತೆಯ ಮುಳ್ಳನ್ನಿಟ್ಟು ಡಿಸ್ಕುಗಳನ್ನು ತಿರುಗಿಸಿದರು. ದೈವಕೃಪೆಯಿಂದ ಅವು ಸೊಟ್ಟಗಾಗಿರಲಿಲ್ಲ. ಆದರೆ ಇಪ್ಪತ್ತು ಗುಂಡಿಗಳೂ ಬೆರಳಿಗೆ ತಿರುಗುವ ತನಕ ಬೈಕು ಪಥಕ್ಕೆ ಇಳಿಯಕೂಡದು. ತಪಾಸಣೆ ಹತ್ತು ಗಂಟೆಗೆ ಮುಗಿಯುತ್ತದೆ. ಆಗ ಗಂಟೆ ಒಂಬತ್ತು ದಾಟಿ ಐದು ನಿಮಿಷ.

ಲೋರ್ನಾ ಶ್ರುತಿಯ ಉಪಕರಣಗಳ ಚರ್ಮದ ಸುರುಳಿಯನ್ನು ನೆಲದ ಮೇಲೆ ಬಿಚ್ಚಿ, ಹೆಲ್ಮೆಟ್ಟನ್ನು ಕ್ಲಿಪ್ಪು ಹಾಕುವ ಬಟ್ಟಲಾಗಿ ಅಂಗಾತ ಇಡಲಾಗದೆ ಅದರ ಮುಳ್ಳುಗಳನ್ನು ಶಪಿಸುತ್ತ ಬದಿಗಿಟ್ಟು, ಮೊಣಕಾಲೂರಿ ಕುಳಿತರು. ಕ್ಲಿಪ್ಪನ್ನು ಎಳೆ, ಸುಟ್ಟ ಉಣ್ಣೆಯನ್ನು ಕೆರೆ, ಪುಡಿಯಾದ ಅಂಟನ್ನು ಸ್ಪಿರಿಟ್ಟಿನಿಂದ ಒರೆಸು, ಕ್ಲಿಪ್ಪನ್ನು ಕೂರಿಸು. ಗುಂಡಿಗೆ ಎರಡೂವರೆ ನಿಮಿಷ. ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಬಂದು ಬೆಳಕು ಹಿಡಿದರು, ಬಟ್ಟೆ ಕೊಟ್ಟರು, ಕಣ್ಣಿಗೆ ಬಿದ್ದ ಕೂದಲನ್ನು ಸರಿಸಿದರು. ಬ್ಯಾಸ್ ಜಲಸಂಧಿಯ ಗಾಳಿ ಸುಟ್ಟ ಉಣ್ಣೆಯನ್ನು ಹಾರಿಸಿಕೊಂಡು ಹೋಗಿ ಹುಲ್ಲಿನ ಮೇಲಿದ್ದ ಬಾತುಗಳ ಮುಂದೆ ಚೆಲ್ಲಿತು. ಬಾತುಗಳು ಅದನ್ನು ರುಚಿ ನೋಡಿ ಬಹಿರಂಗವಾಗಿ ದೂರಿದವು. ಒಂಬತ್ತು ಐವತ್ತೇಳಕ್ಕೆ ಹೆಡ್ಲಿ, ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಲು ಹೊತ್ತಿಲ್ಲದೆ, ಗಾಲಿಯನ್ನು ಉರುಳಿಸಿದರು. ಕಿಣಿ ಕಿಣಿ ಕೇಳಿಸಿತು. ಗೆದ್ದ ಗುರುತಿನ ಹಸಿರು ಚೀಟಿಯನ್ನು ಅವರು ತಾವೇ ಬೈಕಿನ ಮುಖಕ್ಕೆ ಅಂಟಿಸಿದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಲೋರ್ನಾ ಬೈಕನ್ನು ತಳ್ಳಿಕೊಂಡು ಹತ್ತು ಹೆಜ್ಜೆ ನಡೆದರು. ಹನ್ನೊಂದನೆಯ ಹೆಜ್ಜೆ ನಿಧಾನವಾಯಿತು. ಹನ್ನೆರಡನೆಯದು ಬೀಳಲಿಲ್ಲ. ಬೇರಾರ ಕಿವಿಗೂ ನಿಲುಕದ ಒಂದು ಬಿಡುವು ಆ ಕಿಣಿಕಿಣಿಯ ನಡುವೆ ಇತ್ತು. ಗಾಲಿ ಸುತ್ತಿದಾಗಲೆಲ್ಲ ಅದೇ ಜಾಗದಲ್ಲಿ ಮರಳಿ ಬರುತ್ತಿತ್ತು. ಎದುರಿಗೆ ಪಥದ ಬಾಗಿಲು ತೆರೆದಿತ್ತು, ಅದರಾಚೆ ಕಡಲು. ಆಕೆ ಕಡಲನ್ನು ಒಂದು ಗಳಿಗೆ ನೋಡಿ, ಬೈಕನ್ನು ಹಿಂದಿರುಗಿಸಿದರು.

"ಹೆಡ್ಲಿ, ಈ ಚೀಟಿ ವಾಪಸ್ ತಗೊಳ್ಳಿ. ಎಡಗಡೆ ನಾಲ್ಕನೇದು ಮೂಕ."

ಆಲ್ಡೋ ತಲೆಯ ಮೇಲೆ ಕೈ ಹೊತ್ತರು. "ಹತ್ತೊಂಬತ್ತು ಮಾತಾಡ್ತಿದಾವಲ್ಲ ಮಾರಾಯ್ತಿ, ಒಂದು ಸುಮ್ನಿದ್ರೆ ಏನಾಯ್ತು? ಗಾಯಕವೃಂದದಲ್ಲಿ ನಾನೂ ಹಂಗೇ ಬಾಯಿ ಆಡಿಸ್ಕೊಂಡು ನಿಂತಿರ್ತೀನಿ, ಯಾರಿಗ್ ಗೊತ್ತಾಗುತ್ತೆ?"

"ನಂಗೊತ್ತು. ಹನ್ನೊಂದು ವರ್ಷದಿಂದ ಗೊತ್ತು."

ಹೆಡ್ಲಿ ಎಡಗಡೆಯ ನಾಲ್ಕನೆಯ ಗುಂಡಿಯನ್ನು ಬೆರಳಿನಿಂದ ತಿರುಗಿಸಿ ನೋಡಿದರು. ತಿರುಗಲಿಲ್ಲ. ಅವರು ಚೀಟಿಯನ್ನು ಕಿತ್ತುಕೊಂಡು ಗಡಿಯಾರ ನೋಡಿದರು. ಎರಡು ನಿಮಿಷ. ಆಮೇಲೆ ಮೇಜಿನ ಮೇಲಿದ್ದ, ಬೆಳಗ್ಗೆ ಏಳಕ್ಕೆ ಸುರಿದು ಕೆನೆಗಟ್ಟಿದ್ದ ಚಹಾದ ಲೋಟವನ್ನು ಎತ್ತಿಕೊಂಡು ಗಂಭೀರವಾಗಿ ಊದತೊಡಗಿದರು. "ಈ ಟೀ ಮುಗಿಯೋವರ್ಗೂ ತಪಾಸಣೆ ಮುಚ್ಚಲ್ಲ. ಬಿಸಿ ಜಾಸ್ತಿ ಇದೆ, ನಿಧಾನಕ್ಕೇ ಕುಡೀಬೇಕು."

ಫೋನು ಬಂದಾಗ ಎರಡು ಸಲ ಅಂಟು ಸುರಿದ ಗುಂಡಿ ಅದೇ. ಅವಸರದಲ್ಲಿ ಆಕೆ ಅದರ ಮೇಲಿನ ಉಣ್ಣೆಯನ್ನಷ್ಟೇ ಕೆರೆದು ಮುಂದೆ ಸರಿದಿದ್ದರು. ಉಳಿದೆಡೆ ಕಾವಿಗೆ ಪುಡಿಯಾಗಿದ್ದ ಅಂಟು ಇಲ್ಲಿ ಗಾಜಿನಂತೆ ಗಟ್ಟಿಯಾಗಿ ಕುಳಿತಿತ್ತು. ಸೂಜಿ ಬಾಗಿತು, ಕೊಕ್ಕೆ ಜಾರಿತು. ಮರವಜ್ರಕ್ಕೆ ಬಿಸಿನೀರೊಂದೇ ಮದ್ದೆಂದು ಪಿಯಾನೋಗಳು ಆಕೆಗೆ ಕಲಿಸಿದ್ದವು. ಹೆಡ್ಲಿ ಅವರ ಲೋಟದಿಂದ ಯಾವ ಪ್ರಯೋಜನವೂ ಇರಲಿಲ್ಲ. ಆಕೆಯ ಕಣ್ಣು ಆಲ್ಡೋ ಅವರ ಫ್ಲಾಸ್ಕಿನ ಮೇಲೆ ಬಿತ್ತು. ಆಲ್ಡೋ ಅದನ್ನು ಎದೆಗೆ ಅವಚಿಕೊಂಡರು. ಅದು ಅವರು ತಮ್ಮ ತಾಯಿಯ ಪಾತ್ರೆಯಲ್ಲಿ ಕುದಿಸಿ ತಂದ ಕಾಫಿ, ಊರಿನಲ್ಲಿ ಬೇರಾರ ಕಾಫಿಯನ್ನೂ ಅವರು ಕಾಫಿಯೆಂದು ಒಪ್ಪಿದವರಲ್ಲ. ಒಂದು ನಿಟ್ಟುಸಿರು ಬಿಟ್ಟು, ಮುಚ್ಚಳ ತಿರುಗಿಸಿ, ಹಬೆಯಾಡುವ ಕಪ್ಪು ಧಾರೆಯನ್ನು ಗುಂಡಿಯ ಮೇಲೆ ತಾವೇ ಹನಿಹನಿಯಾಗಿ ಹೊಯ್ದರು. ಹೆಡ್ಲಿ ಊದಿದರು, ಗುಟುಕರಿಸಿದರು, ಮತ್ತೆ ಊದಿದರು. ಅಂಟು ಮೆತ್ತಗಾಯಿತು. ಲೋರ್ನಾ ಸೂಜಿಯಿಂದ ಅದನ್ನು ಸುರುಳಿಯಾಗಿ ಎತ್ತಿ, ಸ್ಪಿರಿಟ್ಟಿನಿಂದ ಮೂರು ಸಲ ಒರೆಸಿ, ಕ್ಲಿಪ್ಪು ಹಾಕಿ ಬೆರಳಿಟ್ಟರು. ಗುಂಡಿ ತಿರುಗಿತು.

ಗಾಲಿ ಉರುಳಿದಾಗ ಆಕೆ ಕಣ್ಣು ಮುಚ್ಚಿ ಎಣಿಸಿದರು, ಇಪ್ಪತ್ತರ ತನಕ. ಹೆಡ್ಲಿ ಲೋಟವನ್ನು ಬರಿದು ಮಾಡಿ ಮುಖ ಹಿಂಡಿದರು. ಗಂಟೆ ಹತ್ತು ದಾಟಿ ಆರು ನಿಮಿಷವಾಗಿತ್ತು.

ಆ ನೇರ ದಾರಿಯಲ್ಲಿ ಏನಾಯಿತೆಂಬುದನ್ನು ಪಥದ ಗೋಡೆಯ ಬಳಿ ನಿಂತಿದ್ದವರೆಲ್ಲ ಬಲ್ಲರು. ಗುಡ್ಡದ ಅಂಚಿನಲ್ಲಿ ಕೆಂಪು ಬಿಳಿಯ ಚುಕ್ಕೆಯೊಂದು ಮೂಡಿತು. ಅದರ ಮೇಲೆ ಬೆನ್ನು ಬಾಗಿಸಿ ಮಲಗಿದ್ದ ಗಿಡ್ಡ ಆಕೃತಿಯಿಂದ, ಇಂಜಿನ್ನಿನ ಮೊರೆತವನ್ನೂ ಮೀರಿ, ಭಾನುವಾರದ ಸ್ತುತಿಗೀತೆಯ ಒಂದು ಸಾಲು ಕೇಳಿಸಿತು. ಮುಂದಿನ ಸಾಲು ಕೇಳಿಸುವಷ್ಟರಲ್ಲಿ ಅದು ಕಡಲ ಕಡೆಯ ತಿರುವಿನಲ್ಲಿತ್ತು. ಅಲ್ಲಿ ಆಕೆ ಬ್ರೇಕು ಹಿಡಿದರು. ಹಿಡಿ ಮಿಡಿಯಲಿಲ್ಲ, ನಡುಗಲಿಲ್ಲ. ಉಂಗುರ ಕಾದು, ಹಿಗ್ಗಿ, ತನ್ನ ಜಾಗವನ್ನು ತಾನೇ ಕಂಡುಕೊಂಡಿತು. ಬೈಕು ವಿಧೇಯವಾಗಿ ತಲೆಬಾಗಿ ಬಲಕ್ಕೆ ಹೊರಳಿತು. ಹೊಸಬರ ಗುಂಪಿನ ಹದಿನೇಳು ಮಂದಿ ಆಕೆಯನ್ನು ದಾಟಿದರು. ಆಕೆಯೂ ಒಬ್ಬನನ್ನು ದಾಟಿದರು. ಅವನು ನಿಂತಿದ್ದನೆಂದು ಆಲ್ಡೋ ಹೇಳುತ್ತಾರೆ, ಚಲಿಸುತ್ತಿದ್ದನೆಂದು ಲೋರ್ನಾ ಹೇಳುತ್ತಾರೆ. ನಾವು ಲೋರ್ನಾ ಅವರನ್ನು ನಂಬುತ್ತೇವೆ.

ಮರುದಿನ ಬೆಳಗ್ಗೆ ಚರ್ಚಿನ ಇಳಿಜಾರಿನಲ್ಲಿ ಆಕೆ ಇಂಜಿನ್ ಆರಿಸಿ ಬೈಕನ್ನು ಉರುಳಲು ಬಿಟ್ಟರು. ತೆರೆದ ಕಿಟಕಿಗಳಿಂದ ಕಿಣಿಕಿಣಿ ಒಳಗೆ ಬಂದಾಗ, ಕಾಣಿಕೆಯ ಗಂಟೆ ಬೇಗ ಬಾರಿಸಿತೆಂದು ಕೆಲವರು ಎದ್ದು ನಿಂತರು. ಆಕೆ ಪೀಠವೇರಿ, ಮೊದಲ ಗೀತೆಗೆ ಬೆರಳಿಡುವ ಮುನ್ನ ಗಾಯಕವೃಂದದ ಕಡೆಗೆ ತಿರುಗಿದರು.

"ಎಡಗಡೆ ನಾಲ್ಕನೇದು ಇವತ್ತು ಬಾಯಿ ಬಿಡ್ಬೇಕು."

ಆಲ್ಡೋ ಬಾಯಿ ಬಿಟ್ಟರು. ಅವರ ಸ್ವರ ಹೊರಟ ಜಾಗಕ್ಕೂ ಸೇರಬೇಕಾದ ಜಾಗಕ್ಕೂ ನಡುವೆ ವಿಶಾಲವಾದ ಸಡಿಲವಿತ್ತು. ಲೋರ್ನಾ ಅವರ ಭುಜಗಳು ಒಮ್ಮೆ ಕಿವಿಯವರೆಗೂ ಏರಿ, ಮೆಲ್ಲನೆ ಇಳಿದವು. ಬೆರಳುಗಳು ನಿಲ್ಲಲಿಲ್ಲ, ಅಂದು ನಾಲ್ಕು ಚರಣಗಳನ್ನೂ ಪೂರ್ತಿ ಹಾಡಿದೆವು.