ಹೋಗಿ ಬರೋ ಗೆಸ್ಟಿನ ನಂಬರ್

"ಇವತ್ತು ನಿಮ್ಮನೆ ಬಾಗಿಲು ಯಾರೂ ಬಡೀತಿಲ್ವಾ?"

ಮೀಟಿಂಗ್ ಶುರುವಾಗ್ತಿದ್ದ ಹಾಗೇ ಲ್ಯಾಪ್‌ಟಾಪ್ ಪರದೆಯಿಂದ ಯೋಸ್ಟ್ ಕೇಳಿದ. ಯೋಸ್ಟ್ ನನ್ನ ಸಹೋದ್ಯೋಗಿ, ಅಪ್ಪಟ ಡಚ್ಚ. ಮನಸ್ಸಿಗೆ ಬಂದಿದ್ದನ್ನ ಬಾಯಲ್ಲಿ ತಡೆದಿಟ್ಟುಕೊಳ್ಳೋ ಪದ್ಧತಿ ಇವರಲ್ಲಿಲ್ಲ.

ಅವನು ಬಾಗಿಲು ಅಂದುಕೊಂಡಿದ್ದು ಜೋಳದ ರೊಟ್ಟಿ ಕಣ್ರೀ. ಬಡೀತಿದ್ದವರು ನಮ್ಮತ್ತೆ. ಬೇಸಿಗೆವರೆಗೂ ನನ್ನ ಆಫೀಸ್ ಕಾಲ್‌ಗಳಿಗೆಲ್ಲ ಅಡುಗೆಮನೆಯಿಂದ ಟಪ್ ಟಪ್ ಅಂತ ಅದೇ ತಾಳ. ಯೋಸ್ಟ್ ರಜೆ ಮುಗಿಸಿ, ಬೇರೆ ಪ್ರಾಜೆಕ್ಟ್ ಮುಗಿಸಿ, ಈಗ ಚಳಿಗಾಲದಲ್ಲಿ ವಾಪಸ್ ನಮ್ಮ ಟೀಮಿಗೆ ಬಂದಿದ್ದ. ಪಾಪ, ಅವನಿಗೇನು ಗೊತ್ತು?

"ಅದು ಬಾಗಿಲಲ್ಲ, ನಮ್ಮತ್ತೆ ರೊಟ್ಟಿ ಬಡೀತಿದ್ದಿದ್ದು. ಅವರು ಊರಿಗೆ ಹೋದ್ರು" ಅಂದೆ. ಮೈಕ್ ಆಫ್ ಮಾಡಿ ಖಾಲಿ ಅಡುಗೆಮನೆಗೆ ಒಂದ್ಸಲ ಇಣುಕಿ ಬಂದೆ.

(ಸೊಸೆ ಎಲ್ಲಾದ್ರೂ ಅತ್ತೆಗೋಸ್ಕರ ಹಂಬಲಿಸ್ತಾಳಾ ಅಂತ ಹುಬ್ಬೇರಿಸಬೇಡಿ. ನನಗೂ ಇದು ಹೊಸದೇ.)

ನಾನು ಮೈಸೂರಿನವಳು, ಅತ್ತೆ ಧಾರವಾಡದವರು. ಮದುವೆಯಾದ ಹೊಸತರಲ್ಲಿ ಅವರ ಮಾತು ನನಗೆ ಅರ್ಧ ಅರ್ಥವಾಗ್ತಿತ್ತು. ನನ್ನ ಅನ್ನ ಸಾರು ಅವರಿಗೆ ಊಟ ಅಂತಲೇ ಅನ್ನಿಸ್ತಿರಲಿಲ್ಲ. ಮೂರು ತಿಂಗಳಿಗೆ ಅಂತ ಡಚ್ಚರ ನಾಡಿನ ಈ ಹೂಫ್‌ಡಾರ್ಪ್ ಊರಿನ ನಮ್ಮನೆಗೆ ಬಂದ್ರು. ಹಿಂದೆಯೇ ಕೊರೊನಾ ಬಂತು, ವಿಮಾನ ನಿಂತವು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಎಷ್ಟು ದಿನ ಅಂತ ಮುಖ ಊದಿಸಿಕೊಂಡಿರೋಕಾಗತ್ತೆ ಹೇಳಿ?

ಸಂಜೆ ಕಾಲುವೆ ಪಕ್ಕ ವಾಕಿಂಗ್ ಹೋಗ್ತಿದ್ವಿ. ಅತ್ತೆ ಸೀರೆ ಮೇಲೆ ಸ್ವೆಟರು, ಕಾಲಿಗೆ ಇಲ್ಲೇ ಕೊಂಡ ಬೂಟು. ಸೂಪರ್‌ಮಾರ್ಕೆಟ್‌ನ ಕೌಂಟರ್ ಹುಡುಗಿ "ಫೈನ ದಾಖ್" ಅಂತ ಶುಭ ಕೋರಿದ್ರೆ, ಇವರು "ಹೂಂ ಯವ್ವಾ, ನೀನೂ ಚಂದಂಗಿರು" ಅಂತಿದ್ರು. ಆ ಹುಡುಗಿ ನಗ್ತಿದ್ಳು. ಭಾಷೆ ಗೀಷೆ ಯಾರಿಗೆ ಬೇಕಿತ್ತು!

ಬೇಸಿಗೆಯಲ್ಲಿ ಒಂದು ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು, ಹೋದ್ರು. ಏರ್‌ಪೋರ್ಟ್ ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಬಾಗಿಲಲ್ಲೇ ವಿದಾಯ. ಮಾಸ್ಕ್ ಹಿಂದಿನಿಂದ ಅತ್ತೆ ಏನೋ ಅಂದ್ರು. ನನಗೆ ಕೇಳಿಸಿದ್ದು "ಹೋಗ್ತೇನಿ ಯವ್ವಾ" ಅಂತಷ್ಟೇ.

ಹೋಗ್ತೇನಿ? ನಮ್ಮಲ್ಲಿ ಹಾಗೆ ಯಾರಾದ್ರೂ ಹೇಳ್ತಾರಾ? ಪಕ್ಕದ ಬೀದಿಗೆ ಹೊರಟರೂ "ಹೋಗಿ ಬರ್ತೀನಿ" ಅಂತೀವಿ. "ಬರ್ತೇನಿ" ಅನ್ನೋದನ್ನ ಮಾಸ್ಕ್ ನುಂಗಿತಾ, ಅಥವಾ ಅವರು ಹೇಳಲೇ ಇಲ್ವಾ? ಅವತ್ತಿನಿಂದ ಇದೊಂದು ಮುಳ್ಳು ನನ್ನ ಗಂಟಲಲ್ಲಿ. ಬೂಟನ್ನೂ ಸ್ವೆಟರನ್ನೂ ರೂಮಲ್ಲೇ ಬಿಟ್ಟು ಹೋಗಿದ್ದಾರೆ. ಮತ್ತೆ ಬರ್ತೀನಿ ಅಂತ ಬಿಟ್ರಾ, ಇನ್ನು ಬೇಕಾಗಲ್ಲ ಅಂತ ಬಿಟ್ರಾ?

ಇದರ ನಡುವೆ ನನ್ನ ಗಂಡ ಗಿರೀಶನದ್ದೊಂದು ತಗಾದೆ. ಅವನ ಆಫೀಸು ನಡೆಯೋದು ಊಟದ ಟೇಬಲ್ ಮೇಲೆ, ನಂದು ಬೆಡ್‌ರೂಮಿನ ಮೂಲೆಯಲ್ಲಿ. "ಅವ್ವನ ರೂಮ್ ಸುಮ್ನ ಖಾಲಿ ಬಿದ್ದೈತಲ್ಲ, ಅಲ್ಲಿ ನನ್ನ ಆಫೀಸ್ ಮಾಡ್ತೀನಿ" ಅಂತ ಟೇಬಲ್ ಆರ್ಡರ್ ಮಾಡಿಬಿಟ್ಟ. ಶನಿವಾರ ಬರತ್ತೆ. ಅವನು ಹೇಳೋದ್ರಲ್ಲಿ ತಪ್ಪೇನಿದೆ? ಏನೂ ಇಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಇರ್ಲಿ, ಮೀಟಿಂಗಿಗೆ ವಾಪಸ್ ಬರೋಣ. ಅವತ್ತು ನಾನು ಯೋಸ್ಟ್ ಬರೆದ ಕೋಡ್ ರಿವ್ಯೂ ಮಾಡಬೇಕಿತ್ತು. ಓಡಬೇಡಿ, ಸುಲಭವಾಗಿ ಹೇಳ್ತೀನಿ. ಒಂದೇ ಕಂಪ್ಯೂಟರ್ ಒಳಗೆ ಹಲವು ಕಂಪ್ಯೂಟರ್‌ಗಳು ಬಾಡಿಗೆಗಿದ್ದ ಹಾಗೆ ಬದುಕ್ತಾವೆ. ಅವುಗಳನ್ನ ನೋಡಿಕೊಳ್ಳೋ ಮನೆ ಯಜಮಾನನಿಗೆ ಹೋಸ್ಟ್ ಅಂತ ಹೆಸರು, ಒಳಗಿರೋವಕ್ಕೆ ಗೆಸ್ಟ್. (ಹೆಸರಿಟ್ಟ ಪುಣ್ಯಾತ್ಮನ ಮನೆಗೂ ನೆಂಟರು ಬಂದಿದ್ರೇನೋ!) ಸೊನ್ನೆ ಅನ್ನೋ ನಂಬರ್ ಯಾವತ್ತೂ ಯಜಮಾನನದು. ಗೆಸ್ಟ್‌ಗಳಿಗೆ ಬೇರೆ ಬೇರೆ ನಂಬರ್.

ಯಾಕೆ ನಂಬರ್? ಎಲ್ಲರಿಗೂ ಪ್ರೊಸೆಸರ್ ಒಂದೇ. ಹಾಗಾಗಿ ಒಂದು ಗೆಸ್ಟ್ ಆಗಾಗ ಎದ್ದು ಇನ್ನೊಂದಕ್ಕೆ ಜಾಗ ಬಿಡಬೇಕು. ನಂಬರ್ ಇದ್ರೆ, ಯಾವ ಸಾಮಾನು ಎಲ್ಲಿತ್ತು ಅನ್ನೋ ಅದರ ನೆನಪು ಹಾಗೇ ಉಳಿದಿರತ್ತೆ. ವಾಪಸ್ ಬಂದ ತಕ್ಷಣ ಕೆಲಸ ಶುರು.

ಯೋಸ್ಟ್ ಏನು ಮಾಡಿದ್ದ ಗೊತ್ತಾ? ಗೆಸ್ಟ್ ಎದ್ದು ಆಚೆ ಹೋದ ಕೂಡ್ಲೇ ನಂಬರ್ ಕಿತ್ಕೊಂಡು ಬೇರೆಯವರಿಗೆ ಕೊಡೋ ಹಾಗೆ ಬರೆದಿದ್ದ. ಬಂದಾಗ ಹೊಸ ನಂಬರ್. ಮತ್ತೆ ಮೊದಲಿಂದ ಎಲ್ಲ ಹುಡುಕು!

ನನಗೆ ಯಾಕೋ ರೇಗಿಹೋಯ್ತು. ಅಲ್ಲೇ ಕಾಮೆಂಟ್ ಹಾಕಿದೆ: "ಡೋಂಟ್ ಫ್ರೀ ದ ನಂಬರ್. ಗೆಸ್ಟ್ ಗೋಸ್ ಅಂಡ್ ಕಮ್ಸ್."

"ಗೋಸ್ ಅಂಡ್ ಕಮ್ಸ್? ಇದೆಂಥ ಇಂಗ್ಲಿಷ್? ಗೆಸ್ಟ್ ಲೀವ್ಸ್ ಅಂದ್ರೆ ಸಾಲದಾ?" ಅಂದ ಯೋಸ್ಟ್.

"ಸಾಲಲ್ಲ" ಅಂದೆ. "ಹೋಗೋದು ಬೇರೆ, ಹೋಗಿ ಬರೋದು ಬೇರೆ. ಹೋದವರ ನಂಬರ್ ಕಿತ್ಕೋ. ಹೋಗಿ ಬರೋರದ್ದು ಮುಟ್ಟಬೇಡ." ನಮ್ಮೂರಲ್ಲಿ ಹೇಗೆ ಬೀಳ್ಕೊಡ್ತೀವಿ ಅಂತ ವಿವರಿಸಿದೆ.

ಯೋಸ್ಟ್ ಎರಡು ನಿಮಿಷ ಕೋಡ್ ನೋಡಿದ. "ಸರಿ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ, ಬದಲಾಯಿಸ್ತೀನಿ" ಅಂದ. ಆಮೇಲೆ ತಡೆಯದೆ ಕೇಳಿಯೇ ಬಿಟ್ಟ, "ರೊಟ್ಟಿ ಬಡೀತಿದ್ರಲ್ಲ, ಅವರು ಯಾವುದು? ಹೋದ್ರಾ, ಹೋಗಿ ಬರ್ತಾರಾ?"

"ಅವರನ್ನೇ ಕೇಳಿ ಹೇಳ್ತೀನಿ" ಅಂದೆ.

ಲ್ಯಾಪ್‌ಟಾಪ್ ಮುಚ್ಚಿದವಳೇ ಧಾರವಾಡಕ್ಕೆ ವಿಡಿಯೋ ಕಾಲ್ ಮಾಡಿದೆ. "ಅತ್ತೆ, ಅವತ್ತು ಏರ್‌ಪೋರ್ಟ್ ಬಾಗಿಲಲ್ಲಿ ನೀವು ಏನಂದ್ರಿ?"

ಮರೆತಿರ್ತಾರೆ ಅಂದುಕೊಂಡಿದ್ದೆ. ಇಲ್ಲ.

"ಹೋಗ್ತೇನಿ ಅಂದೆ. ಬೇಕಂತನ ಅಷ್ಟ ಅಂದೆ ಯವ್ವಾ. ಈ ರೋಗದಾಗ ಯಾರ ಕಥಿ ಏನೋ. ಬರ್ತೇನಿ ಅಂತ ಹೇಳಿ ಬರಾಕಾಗ್ಲಿಲ್ಲಂದ್ರ ನಿನಗ ಸುಳ್ಳ ಹೇಳಿಧಂಗ ಆಕ್ಕೈತಿ."

ನನಗೆ ಅಳು ಬಂತು. ಮುಚ್ಚಿಡಲಿಲ್ಲ, ಅವರೆದುರೇ ಅತ್ತುಬಿಟ್ಟೆ. "ನೀವಿಲ್ದೆ ಮನೆ ಬಿಕೋ ಅಂತಿದೆ. ಈಗಲಾದ್ರೂ ಸರಿಯಾಗಿ ಹೇಳಿ, ಹೋಗಿ ಬರ್ತೇನಿ ಅನ್ನಿ" ಅಂದೆ, ಚಿಕ್ಕ ಮಕ್ಕಳ ಥರ.

ಅತ್ತೆ ಸೆರಗಿಂದ ಕಣ್ಣೊರೆಸಿಕೊಂಡು ನಕ್ಕರು. "ಹುಚ್ಚಿ, ಹೋಗೂದು ಆಗೇತಲ್ಲ! ಇನ್ನ ಬರೂದಷ್ಟ ಬಾಕಿ ಐತಿ. ನನ್ನ ಬೂಟಿಗೆ ಧೂಳ ಹಿಡಿಸಬ್ಯಾಡ."

ಶನಿವಾರ ಟೇಬಲ್ ಬಂತು, ಅತ್ತೆ ರೂಮಿಗೆ ಸೇರಿಸಲಿಲ್ಲ. ಬೆಡ್‌ರೂಮಿನ ನನ್ನ ಮೂಲೆಯನ್ನೇ ಗಿರೀಶನಿಗೆ ಬಿಟ್ಟುಕೊಟ್ಟು ನಾನು ಊಟದ ಟೇಬಲ್‌ಗೆ ಬಂದೆ. ಅವನು ಗೊಣಗಿದ, ಗೊಣಗಲಿ.

ಬರೋದು ಬಾಕಿ ಇರೋರ ನಂಬರನ್ನ ಯಾರಾದ್ರೂ ಬೇರೆಯವರಿಗೆ ಕೊಡ್ತಾರಾ?